ಪಡುವಣದ ಒಂದು ಪಾಲು ಆಕಾಶ

ಆಕಾಶವನ್ನು ಎಂಟು ಪಾಲು ಮಾಡಿ, ಅದರಲ್ಲಿ ಎಷ್ಟು ಪಾಲು ಮೋಡ ಎಂದು ಬರೆದಿಡುವುದು ನನ್ನ ನೌಕರಿಯಾಗಿತ್ತು. ಬೈಲಹೊಂಗಲದ ಹೊರಗಿನ ಒಂದು ಕೃಷಿ ಫಾರ್ಮಿನಲ್ಲಿ ನಾನು ಹವಾಮಾನ ವೀಕ್ಷಕಿ. ಮುಂಜಾನೆ ಏಳಕ್ಕೊಮ್ಮೆ, ಮಧ್ಯಾಹ್ನ ಎರಡಕ್ಕೊಮ್ಮೆ ಅಂಗಳದ ನಡುವೆ ನಿಂತು, ಕುತ್ತಿಗೆ ಮೇಲೆತ್ತಿ ಒಂದು ಸುತ್ತು ತಿರುಗಬೇಕು. ನೋಡಿದವರು ಈಕೆಗೆ ತಲೆ ಕೆಟ್ಟಿದೆ ಎಂದುಕೊಂಡರೆ ತಪ್ಪಿಲ್ಲ. ಆಷಾಢದಲ್ಲಂತೂ ಈ ತಿರುಗಾಟವೂ ದಂಡ. "ಎಂಟಕ್ಕೆಂಟು ಅಂತ ಇಡೀ ತಿಂಗಳದ್ದು ಒಮ್ಮೆಲೇ ಬರದಬಿಡ್ರಿ" ಎಂದು ನಮ್ಮ ಸಾಹೇಬರು ಚೇಷ್ಟೆ ಮಾಡುತ್ತಿದ್ದರು. ನಾನು ಬರೆಯುತ್ತಿರಲಿಲ್ಲ. ಎಲ್ಲೋ ಮೂಲೆಯಲ್ಲಿ ಒಂದು ಪಾಲು ನೀಲಿ ಉಳಿದಿದ್ದರೆ ಅದನ್ನು ಹುಡುಕಿ ಏಳು ಎಂದು ಬರೆಯುವ ಹಟ ನನಗಿತ್ತು.

1999ರ ಆಷಾಢದಲ್ಲಿ ಈ ಹಟಕ್ಕೊಬ್ಬ ಗಿರಾಕಿ ಸಿಕ್ಕರು. ಊರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಮಾಸ್ತರು, ಎಂ.ಕೆ. ಹುಬ್ಬಳ್ಳಿ ಕಡೆಯ ಕಬ್ಬಿನ ಹೊಲದ ಮನೆತನದವರು, ಮಳೆಯಲ್ಲಿ ಸ್ಕೂಟರ್ ಓಡಿಸಿಕೊಂಡು ಬಂದು ನಮ್ಮ ವರಾಂಡದಲ್ಲಿ ನಿಂತರು.

"ನಾಗರ ಅಮಾಸಿ ಸಂಜಿಮುಂದ ಸೂರ್ಯಗ್ರಹಣ ಐತ್ರಿ ಮೇಡಂ. ಧಾರವಾಡದಿಂದ ಒಂದ ದುರ್ಬೀನು ಕೊಡತೇವಿ ಅಂದಾರ, ಒಂದ ದಿನಕ್ಕ. ಮಂದಿಗೆ ತೋರಿಸಬೇಕು. ಕಿತ್ತೂರಾಗ ಇಡೂದೋ, ಇಲ್ಲೇ ಇಡೂದೋ, ಸವದತ್ತಿ ಗುಡ್ಡ ಹತ್ತಿಸೂದೋ, ರಾಮದುರ್ಗಕ್ಕ ಒಯ್ಯೂದೋ? ಎಲ್ಲಿ ಮೋಡ ಕಡಿಮಿ ಇರತಾವ ನೀವ ಹೇಳ್ರಿ."

"ಆಷಾಢದಾಗ ಸೂರ್ಯನ್ನ ಕೇಳಾಕ ಬಂದೀರಲ್ರಿ" ಎಂದೆ. ಆದರೆ ಅವರು ಹೊರಡುವ ಮೊದಲೇ ಮನಸ್ಸಿನಲ್ಲಿ ಒಪ್ಪಿಕೊಂಡಿದ್ದೆ. ಅದಕ್ಕೆ ಕಾರಣ ಮಾಸ್ತರಲ್ಲ, ನಮ್ಮಪ್ಪ.

ಫಾರ್ಮಿನ ಕ್ವಾರ್ಟರ್ಸ್‌ನಲ್ಲಿ ನಾನೂ ಅಪ್ಪನೂ ಇಬ್ಬರೇ. ಅಪ್ಪ ರಾಮದುರ್ಗದ ಸಾಲೆಯಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು. ಪಂಚಾಂಗದ ಗಣಿತ ಮನೆತನದಿಂದ ಬಂದ ವಿದ್ಯೆ. ಗ್ರಹಣ ಯಾವಾಗ ಹಿಡಿಯುತ್ತದೆ, ನಡುಮಧ್ಯ ಯಾವಾಗ, ಯಾವಾಗ ಬಿಡುತ್ತದೆ ಎಂಬುದನ್ನೆಲ್ಲ ಗೋಡೆಗೊರಗಿ ಕೂತು ಕೂಡಿ ಕಳೆದು ಹೇಳುತ್ತಿದ್ದರು. ಆದರೆ ಜನ್ಮದಲ್ಲಿ ಒಂದು ಸೂರ್ಯಗ್ರಹಣವನ್ನೂ ನೋಡಿದವರಲ್ಲ. ಗ್ರಹಣ ಹಿಡಿದರೆ ಅವರು ಮಲಪ್ರಭೆಯಲ್ಲಿ ಸೊಂಟಮಟ ನೀರಿನಲ್ಲಿ ನಿಂತು, ಕಣ್ಣು ಮುಚ್ಚಿ, ಬಿಡುವವರೆಗೂ ಜಪ ಮಾಡುವವರು. 1980ರಲ್ಲಿ ಹಾಡುಹಗಲೇ ಮಬ್ಬುಗತ್ತಲೆ ಕವಿದು ಊರಿನ ಕೋಳಿಗಳೆಲ್ಲ ಗೂಡು ಸೇರಿದಾಗಲೂ ಅಪ್ಪ ಕಣ್ಣು ತೆರೆದಿರಲಿಲ್ಲ.

ಈಗ ತೆರೆಯಲು ಉಳಿದದ್ದು ಒಂದೇ ಕಣ್ಣು. ಬಲಗಣ್ಣು ಕಾಚಬಿಂದುವಿನಿಂದ, ಅಂದರೆ ಗ್ಲಾಕೋಮಾದಿಂದ, ಪೂರ್ತಿ ಹೋಗಿತ್ತು. ಎಡಗಣ್ಣಿನ ನೋಟವೂ ಸುತ್ತಲಿಂದ ಮುಚ್ಚುತ್ತ ಬರುತ್ತಿದೆ, ಔಷಧದಿಂದ ತಡಮಾಡಬಹುದು, ತಡೆಯಲಾಗದು ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಮಾಸ್ತರು ಬಂದುಹೋದ ಸಂಜೆ ಅಪ್ಪನ ಕಣ್ಣಿಗೆ ಹನಿ ಹಾಕುತ್ತ ದುರ್ಬೀನಿನ ಸುದ್ದಿ ಹೇಳಿದೆ. ರೆಪ್ಪೆ ಮುಚ್ಚಿಕೊಂಡೇ ಅಂದರು:

"ಎಣಿಸಿದ್ದು ಭಾಳ ಆತವ್ವಾ. ಕಂಡದ್ದು ಒಂದೂ ಇಲ್ಲ."

"ಹಂಗಾರ ಈ ಸಲ ನೋಡ್ರಲ್ಲ."

"ನೋಡೋದು ಹ್ಯಾಂಗ? ನಾನು ನೀರಾಗ ಇರ್ತೀನಲ್ಲ."

ಅಷ್ಟೇ ಮಾತು. ಅಪ್ಪ ಅದನ್ನು ದುಃಖದಿಂದಲೂ ಹೇಳಲಿಲ್ಲ. ಈ ಗ್ರಹಣವನ್ನು ಅಪ್ಪ ನೋಡಬೇಕು, ಮುಂದಿನದಕ್ಕೆ ಆ ಕಣ್ಣು ಕಾಯುವುದಿಲ್ಲ ಎಂದು ಆ ಹೊತ್ತೇ ನಿಶ್ಚಯಿಸಿದೆ. ಅವರು ನೀರಿಗಿಳಿಯುವುದು ರಾಮದುರ್ಗದ ಹೊಳೆಯ ಘಟ್ಟದಲ್ಲೇ ಎಂಬುದೂ ಖಂಡಿತವಿತ್ತು.

ಮರುದಿನದಿಂದ ಹಳೆಯ ದಫ್ತರುಗಳನ್ನು ಹರಡಿಕೊಂಡು ಕುಳಿತೆ. ಹಿಂದಿನ ವರ್ಷಗಳ ಇದೇ ದಿನಗಳಲ್ಲಿ ಆಕಾಶ ಹೇಗಿತ್ತು ಎಂದು ತೆಗೆದರೆ ಎಂಟು, ಏಳು, ಎಂಟು, ಎಂಟು. ಅದು ಹೋಗಲಿ. ದೊಡ್ಡ ತೊಡಕು ಬೇರೆಯೇ ಇತ್ತು. ನಾವು ಆಕಾಶ ನೋಡುವುದು ಮುಂಜಾನೆ ಮತ್ತು ಮಧ್ಯಾಹ್ನ. ಗ್ರಹಣ ಹಿಡಿಯುವುದು ಸಂಜೆ ಐದರ ಮೇಲೆ. ಇಷ್ಟು ವರ್ಷ ಕುತ್ತಿಗೆ ನೋಯಿಸಿಕೊಂಡ ನನ್ನ ಹತ್ತಿರ ಸಂಜೆಯ ಆಕಾಶ ಒಂದೂ ಇರಲಿಲ್ಲ.

ಬಿಸಿಲು ಅಳೆಯುವ ಗಾಜಿನ ಗುಂಡು ಒಂದಿತ್ತು. ಗುಂಡಿನ ಹಿಂದೆ ಉದ್ದನೆಯ ಕಾರ್ಡು ಸಿಕ್ಕಿಸಿರುತ್ತೇವೆ. ಬಿಸಿಲು ಬಿದ್ದಷ್ಟು ಹೊತ್ತು ಗಾಜು ಆ ಕಾರ್ಡನ್ನು ಗೆರೆಯಾಗಿ ಸುಡುತ್ತದೆ, ಮೋಡ ಬಂದರೆ ಗೆರೆ ತುಂಡಾಗುತ್ತದೆ. ಹಳೆಯ ಕಾರ್ಡುಗಳನ್ನು ಬೆಳಕಿಗೆ ಹಿಡಿದು ನೋಡಿದೆ. ದಿನವೆಲ್ಲ ಸುಡದೆ ಉಳಿದಿದ್ದ ಎಷ್ಟೋ ಕಾರ್ಡುಗಳ ತುದಿಯಲ್ಲಿ, ಸಂಜೆಯ ಕಡೆಗೆ, ಒಂದು ಸಣ್ಣ ಕಂದು ಚುಕ್ಕೆ ಇತ್ತು. ಆಮೇಲೆ ಏನಾಯಿತೆಂದು ಕಾರ್ಡು ಹೇಳದು. ಸೂರ್ಯ ಕೆಳಗಿಳಿದರೆ ಅವನ ಬಿಸಿಲಿಗೆ ಕಾಗದ ಸುಡುವಷ್ಟು ಕಸುವಿರುವುದಿಲ್ಲ.

ಬೆಳಗಾವಿಯ ಹವಾಮಾನ ಕಚೇರಿಗೆ ಫೋನ್ ಮಾಡಿದೆ. ಅವರು ಪ್ರೀತಿಯಿಂದಲೇ ಮಾತಾಡಿ, ಮೋಡ ಇರುತ್ತದೆ, ಕೆಲವು ಕಡೆ ಬಿಡುವೂ ಕೊಡಬಹುದು ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಟಿ.ವಿ.ಯ ಸುದ್ದಿಯ ಕೊನೆಗೆ ತೋರಿಸುವ ಉಪಗ್ರಹದ ಚಿತ್ರದಲ್ಲಿ ಇಡೀ ಪಶ್ಚಿಮ ದಂಡೆ ಹಿಂಜಿದ ಅರಳೆ. ಅದರಲ್ಲಿ ಕಿತ್ತೂರು ಯಾವುದು, ಸವದತ್ತಿ ಯಾವುದು?

ಮಾಸ್ತರು ದಿನ ಬಿಟ್ಟು ದಿನ ಕೇಳತೊಡಗಿದರು. ಎಲ್ಲರೂ ಹೇಳುವಂತೆ ನಾನೂ, ಎತ್ತರದ ಜಾಗ ಒಳ್ಳೆಯದು, ಕಿತ್ತೂರಿಗಿಂತ ಮಳೆಯೂ ಕಡಿಮೆ ಎಂದು ಸವದತ್ತಿ ಗುಡ್ಡವನ್ನು ಸೂಚಿಸಿದೆ. ಅವರು ಕುಣಿದಾಡಿ, ಹುಡುಗರಿಗೆ ಹೇಳಿಯೂ ಬಿಟ್ಟರು. ಒಮ್ಮೆ ಕಣ್ಣಾರೆ ನೋಡಿ ಬರೋಣವೆಂದು ಮಧ್ಯಾಹ್ನದ ಕೆಲಸ ಮುಗಿಸಿ ಸವದತ್ತಿ ಬಸ್ಸು ಹತ್ತಿದೆ. ಕೆಳಗೆ ಊರಿನಲ್ಲಿ ಮಬ್ಬು ಬಿಸಿಲು. ಗುಡ್ಡ ಹತ್ತಿದರೆ ಮೋಡವೇ ಬಂದು ಮುಖ ಸವರಿತು. ಸೀರೆ ಒದ್ದೆಯಾಯಿತು. ಸೂರ್ಯನ ಮಾತು ಬಿಡಿ, ನಾನು ಇಳಿದ ಬಸ್ಸೇ ಕಾಣಲಿಲ್ಲ. ಮೇಲಾಗಿ ಅಮಾವಾಸ್ಯೆಯ ದಿನ ಅಲ್ಲಿ ದೇವಿಯ ದರ್ಶನಕ್ಕೆ ಬರುವ ಮಂದಿಯ ನಡುವೆ ದುರ್ಬೀನಿನ ಮೂರು ಕಾಲು ಊರಲು ಜಾಗವಾದರೂ ಎಲ್ಲಿ? ಮಾಸ್ತರಿಗೆ ಹೇಳಿದಾಗ ಅವರ ಮುಖ ಇಳಿಯಿತು.

"ಗುಡ್ಡಾನೂ ಬ್ಯಾಡಂದ್ರ ಹ್ಯಾಂಗ್ರಿ?"

"ಇನ್ನ ನಾಕೈದ ಸಂಜಿ ಕೊಡ್ರಿ" ಎಂದೆ. "ಆಫೀಸಿನಾಗ ಕುಂತ ಹೇಳಿದ್ದು ತಪ್ಪಾತು. ಹೋಗಿ ನೋಡೇ ಹೇಳತೇನಿ."

ಕಿತ್ತೂರಿಗೆ ಹೋದ ಸಂಜೆ ಕೊಡೆ ಮಡಿಸುವ ಪ್ರಸಂಗವೇ ಬರಲಿಲ್ಲ. ಅದನ್ನು ಅಲ್ಲಿಗೇ ಕೈಬಿಟ್ಟೆ. ಆಮೇಲೆ ರಾಮದುರ್ಗದ ಬಸ್ಸು. ಹೋಗುವಾಗ ಸೂರ್ಯ ಬೆನ್ನಿಗೆ, ಬರುವಾಗ ಎದುರಿಗೆ. ಬರುವ ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟಿನಲ್ಲಿ ಕುಳಿತು ಮುಂದಿನ ಗಾಜಿನಿಂದ ಪಡುವಣವನ್ನು ನೋಡುತ್ತಿದ್ದೆ. ಮಧ್ಯವಯಸ್ಸಿನ ಡ್ರೈವರ್, ಬಾಯಿ ತುಂಬ ಎಲೆ ಅಡಿಕೆ. ಎದುರಿನ ಗಾಜಿಗೆ ಒಂದು ರಟ್ಟು ಕಟ್ಟಿಕೊಂಡಿದ್ದ. ಅದನ್ನು ಒಮ್ಮೆ ಇಳಿಸುತ್ತಿದ್ದ, ಒಮ್ಮೆ ಏರಿಸುತ್ತಿದ್ದ.

"ಏನ ನೋಡಾಕತ್ತೀರಿ ಬಾಯಾರ, ನನ್ನ ಗಾಡಿ ಮ್ಯಾಲ ಭರೋಸಾ ಇಲ್ಲೇನು?"

"ಸೂರ್ಯನ್ನ ನೋಡಾಕತ್ತೇನಿ."

"ಅವನ್ನೇನ ನೋಡತೀರಿ. ದಿನಾ ಹೊತ್ತ ಮುಳುಗೂ ಮುಂದ ನನ್ನ ಕಣ್ಣಾಗ ಕೋಲ ಹಾಕತಾನ. ನಾಡೆಲ್ಲಾ ಮಳಿ ಹಿಡದ್ರೂ ಈ ರಾಮದುರ್ಗದ ಕಡೆ ಹಿಂಗ. ಊರ ಸುಟ್ಟರೂ ಹನಮಪ್ಪ ಹೊರಗ."

ಆ ಸಂಜೆ ನಮ್ಮ ನೆತ್ತಿಯ ಮೇಲೆ ಕಪ್ಪು ಮೋಡವಿತ್ತು. ನನ್ನ ದಫ್ತರಿನ ಭಾಷೆಯಲ್ಲಿ ಎಂಟಕ್ಕೆ ಏಳು. ಆದರೂ ಡ್ರೈವರ್ ರಟ್ಟು ಇಳಿಸಿದ. ಮೇಲಿನ ಮೋಡಕ್ಕೂ ಭೂಮಿಗೂ ನಡುವೆ, ಪಡುವಣದ ಅಂಚಿನಲ್ಲಿ, ಬಾಗಿಲು ಅರ್ಧ ಎತ್ತಿದ ಅಂಗಡಿಯ ಹಾಗೆ ಒಂದು ಪಟ್ಟಿ ತೆರೆದಿತ್ತು. ಸೂರ್ಯ ಅದರೊಳಗೆ ಇಳಿದು ಬಸ್ಸಿನ ತುಂಬ ಬೆಳಕು ಚೆಲ್ಲಿದ. ಆಗ ನನಗೆ ನನ್ನ ಲೆಕ್ಕ ಎಲ್ಲಿ ತಪ್ಪಿತೆಂದು ಹೊಳೆಯಿತು. ಸಂಜೆಯ ಸೂರ್ಯ ಕೆಳಗಿರುತ್ತಾನೆ. ಅವನನ್ನು ಮುಚ್ಚುವುದು ನಮ್ಮ ತಲೆಯ ಮೇಲಿನ ಮೋಡವಲ್ಲ, ಪಡುವಣಕ್ಕೆ ಹರದಾರಿಗಟ್ಟಲೆ ಆಚೆ, ಬೇರೆ ಯಾವುದೋ ಊರಿನ ತಲೆಯ ಮೇಲಿರುವ ಮೋಡ. ಕಿತ್ತೂರಿನಲ್ಲಿ ನಿಂತರೆ ನೋಟ ನೇರ ಪಶ್ಚಿಮ ಘಟ್ಟದ ಮೋಡಕ್ಕೆ ಬಡಿಯುತ್ತದೆ. ರಾಮದುರ್ಗದಲ್ಲಿ ನಿಂತರೆ ನಡುವೆ ಅಷ್ಟು ಬಯಲು ಉಳಿಯುತ್ತದೆ. ನಾನು ಎಂಟೂ ಪಾಲು ಎಣಿಸುತ್ತ ಕುಳಿತಿದ್ದೆ. ಬೇಕಾಗಿದ್ದುದು ಪಡುವಣದ ಒಂದೇ ಪಾಲು.

ಖುಷಿಯ ಬೆನ್ನಿಗೇ ಅನುಮಾನವೂ ಬಂತು. ಅಪ್ಪ ಗ್ರಹಣಕ್ಕೆ ನೀರಿಗಿಳಿಯುವುದು ರಾಮದುರ್ಗದಲ್ಲಿ, ದುರ್ಬೀನೂ ಅಲ್ಲಿಗೇ ಬರಲಿ ಎಂಬ ಆಸೆ ಮೊದಲಿನಿಂದಲೂ ನನಗಿತ್ತು. ಆಸೆಯಿದ್ದವರ ಕಣ್ಣಿಗೆ ಮೋಡವೂ ತೆಳ್ಳಗೆ ಕಾಣುತ್ತದೆ. ಅದಕ್ಕೆ ನಾನು ನೋಡುವುದನ್ನು ಬಿಟ್ಟೆ. ಅಪ್ಪನ ವಿಷಯವೇ ಗೊತ್ತಿಲ್ಲದ ಡ್ರೈವರನಿಗೆ, ದಿನಾ ರಟ್ಟು ಎಲ್ಲಿ ಇಳಿಸಿದೆ, ಎಲ್ಲಿ ಏರಿಸಿದೆ ಎಂದಷ್ಟೇ ಹೇಳು ಎಂದೆ. ಮುಂಜಾನೆ ಬಸ್‌ಸ್ಟ್ಯಾಂಡಿನಲ್ಲಿ ಅವನ ವರದಿ.

"ನಿನ್ನೆ ಹೊಳಿ ದಾಟೂತನಕಾ ಇಳಿಸಲಿಲ್ರಿ. ಆಮ್ಯಾಲ ಮುಳಗೂ ಹೊತ್ತಿಗೆ ಪಕ್ಕಾ ಇಳಿಸಿದೆ."

ಮರುದಿನವೂ ಹಾಗೆಯೇ. ಅದರ ಮರುದಿನವೂ. ಮಧ್ಯಾಹ್ನ ಕಾವಿಗೆ ಎದ್ದ ಮೋಡ ಸಂಜೆಯವರೆಗೆ ಸೂರ್ಯನನ್ನು ಬಿಡುತ್ತಿರಲಿಲ್ಲ. ಕೊನೆಗೆ ಅಂಚಿನ ಪಟ್ಟಿಯಲ್ಲಿ ಅವನು ಜಾರಿ ಹೊರಗೆ ಬರುತ್ತಿದ್ದ. ಅಂದರೆ ಗ್ರಹಣದ ಮೊದಲೂ ನಡುವೂ ಕಾಣುವುದು ಕಷ್ಟ. ಕಂಡರೆ ಕೊನೆಯ ತುಣುಕು. ಮಾಸ್ತರಿಗೆ ಇದನ್ನು ಇದ್ದಂತೆಯೇ ಹೇಳಿದೆ.

"ನಡುವಿನ ಭಾರಿ ಗ್ರಹಣ ಸಿಗೂದಿಲ್ಲ ಅಂತ ನೀವ ಹೇಳತೀರಿ, ಅಲ್ಲಿಗೇ ಹೋಗೂಣು ಅಂತೀರಿ" ಎಂದು ಅವರು ತಲೆ ಕೆರೆದುಕೊಂಡರು.

"ಉಳದ ಕಡೆ ಕಡೀದೂ ಸಿಗೂದಿಲ್ರಿ."

ಕೊನೆಗೆ, "ಆತು ಬಿಡ್ರಿ, ರಾಮದುರ್ಗ" ಎಂದರು. ಅವರ ಮೇಲೆ ನನಗೆ ಆ ಕ್ಷಣ ಹುಟ್ಟಿದ ಗೌರವ ಇಂದಿಗೂ ಇದೆ.

ಇತ್ತ ರಾಮದುರ್ಗದಲ್ಲಿ ಅಪ್ಪನಿಗೆ ಬೇರೆಯೇ ಪೇಚು ಕಾದಿತ್ತು. ಈ ಗ್ರಹಣ ಬಿಡುವ ಹೊತ್ತೂ ಸೂರ್ಯ ಮುಳುಗುವ ಹೊತ್ತೂ ಹೆಚ್ಚುಕಡಿಮೆ ಒಂದೇ. ಸೂರ್ಯ ಮುಳುಗುವ ಮೊದಲೇ ಗ್ರಹಣ ಬಿಟ್ಟರೆ ಮಿಂದು ರಾತ್ರಿ ಉಣ್ಣಬಹುದು. ಹಿಡಿದಂತೆಯೇ ಮುಳುಗಿದರೆ ಮರುದಿನ ಸೂರ್ಯನ ಶುದ್ಧ ಬಿಂಬ ಕಂಡ ಮೇಲೆಯೇ ಊಟ. ಹಳೆಯ ಪದ್ಧತಿಯ ಪಂಚಾಂಗ ಬಿಡುತ್ತದೆ ಎಂದಿತ್ತು, ಹೊಸ ಪದ್ಧತಿಯದು ಬಿಡುವುದಿಲ್ಲ ಎಂದಿತ್ತು. ಅಪ್ಪನದು ಹಳೆಯ ಪದ್ಧತಿ, ಅವರ ಲೆಕ್ಕದಲ್ಲೂ ಬಿಡುತ್ತಿತ್ತು. ಅಮಾವಾಸ್ಯೆಯ ಹಿಂದಿನ ದಿನ ನಾವು ಊರಿಗೆ ಹೋಗಿ ಅವರ ಹಳೆಯ ಸಹೋದ್ಯೋಗಿಯ ಮನೆಯಲ್ಲಿ ಇಳಿದುಕೊಂಡಾಗ, ಓಣಿಯವರೆಲ್ಲ ಬಂದು ಕೇಳಿದ್ದು ಇದೊಂದನ್ನೇ: ರಾತ್ರಿಗೆ ಒಲೆ ಹೊತ್ತಿಸುವುದೋ ಬೇಡವೋ?

ಅಮಾವಾಸ್ಯೆಯ ಸಂಜೆ ಘಟ್ಟದ ಮೇಲಿನ ಬಯಲಿನಲ್ಲಿ ಮಾಸ್ತರು ದುರ್ಬೀನು ನಿಲ್ಲಿಸಿದರು. ಅದರಲ್ಲಿ ಕಣ್ಣಿಟ್ಟು ನೋಡುವಂತಿಲ್ಲ, ಕಣ್ಣು ಸುಟ್ಟುಹೋಗುತ್ತದೆ. ಅದರಿಂದ ಹಾಯ್ದ ಬಿಂಬವನ್ನು ಬಿಳಿ ರಟ್ಟಿನ ಮೇಲೆ ಬೀಳಿಸಿ ನೋಡಬೇಕು. ಸುತ್ತ ಕತ್ತಲಿರಲೆಂದು ಮೇಲೊಂದು ಕರಿ ಕಂಬಳಿ. ಅಪ್ಪ ಮೆಟ್ಟಿಲಿಳಿದು ನೀರಿನಲ್ಲಿ ನಿಂತು ಕಣ್ಣು ಮುಚ್ಚಿದರು.

ಗ್ರಹಣ ಹಿಡಿಯಿತು ಎಂದು ಗಡಿಯಾರ ಹೇಳಿತು. ಆಕಾಶ ಹೇಳಲಿಲ್ಲ. ಬೂದು ಮೋಡ ಕದಲದೆ ನಿಂತಿತ್ತು. ನಡುಮಧ್ಯದ ಹೊತ್ತಿಗೆ ಬೆಳಕು ಒಮ್ಮೆಲೇ ಇಂಗಿ ಹೊಳೆಯ ನೀರು ಸೀಸದ ಬಣ್ಣಕ್ಕೆ ತಿರುಗಿತು, ಆಚೆ ದಂಡೆಯ ಆಲದ ಗಿಡಕ್ಕೆ ಹಕ್ಕಿಗಳು ಗುಂಪಾಗಿ ಬಂದು ಇಳಿದವು. ಬಂದ ಮಂದಿಯಲ್ಲಿ ಅರ್ಧದಷ್ಟು ಎದ್ದು ಹೋದರು. ಮಾಸ್ತರು ನನ್ನ ಕಡೆ ನೋಡಲಿಲ್ಲ, ಅದೇ ಅವರ ದೊಡ್ಡತನ. ನಾನು ಪಡುವಣದಿಂದ ಕಣ್ಣು ಕೀಳಲಿಲ್ಲ. ಅಂಚಿನಲ್ಲಿ ಪಟ್ಟಿ ಇರಲಿಲ್ಲ. ಇಷ್ಟು ಜನರನ್ನು ನನ್ನ ಮಾತು ಇಲ್ಲಿಗೆ ತಂದಿತ್ತು.

ಆಮೇಲೆ ಮೋಡದ ಕೆಳಗಿನ ತುದಿ ತಾಮ್ರದ ಬಣ್ಣಕ್ಕೆ ಬಂತು. ಸ್ವಲ್ಪ ಹೊತ್ತಿಗೆ ಪಟ್ಟಿ ತೆರೆಯಿತು. ನಾನು ಮೆಟ್ಟಿಲು ಇಳಿದು, ಚಪ್ಪಲಿ ಬಿಟ್ಟು, ಸೀರೆಯೊಂದಿಗೇ ನೀರಿಗೆ ಹೋದೆ.

"ಅಪ್ಪಾ, ಪಡುವಣ ತೆರದೇತ್ರಿ. ಈಗ ಬರ್ತಾನ. ಮ್ಯಾಲೆ ಬರ್ರಿ."

ಅವರು ಜಪ ನಿಲ್ಲಿಸದೆ ತಲೆ ಅಲ್ಲಾಡಿಸಿದರು.

"ಎರಡು ಪಂಚಾಂಗ ಎರಡು ಮಾತು ಹೇಳ್ತಾವ" ಎಂದೆ. "ಓಣಿ ಮಂದಿ ನಿಮ್ಮ ಬಾಯಿ ಕಾಯಾಕತ್ತಾರ. ಬಿಟ್ಟದೋ ಇಲ್ಲೋ ನೋಡದ ಹ್ಯಾಂಗ ಹೇಳ್ತೀರಿ? ತಪ್ಪಿ ಉಂಡ್ರ ದೋಷ ಯಾರಿಗೆ?"

ತುಟಿಗಳ ಚಲನೆ ನಿಂತಿತು. ಅಪ್ಪ ಕಣ್ಣು ತೆರೆದರು. ನನ್ನ ತೋಳು ಹಿಡಿದು, ಒದ್ದೆ ಧೋತರದಲ್ಲೇ ಮೆಟ್ಟಿಲು ಹತ್ತಿದರು.

ಕಂಬಳಿಯೊಳಗೆ ನಾವಿಬ್ಬರೂ ಬಗ್ಗಿ ನಿಂತೆವು. ಬಿಳಿ ರಟ್ಟಿನ ಮೇಲೆ ಸಣ್ಣ ತಾಟಿನಷ್ಟು ಕೆಂಪು ಬಿಂಬ ಬಿದ್ದಿತ್ತು. ಅಪ್ಪ ಮುಖವನ್ನು ಅದರ ಸಮೀಪಕ್ಕೆ ಒಯ್ದು, ಉಳಿದ ಕಣ್ಣಿನ ಕಿರಿದಾದ ನೋಟದಿಂದ ಅಂಚಿನುದ್ದಕ್ಕೂ ನಿಧಾನವಾಗಿ ಹೋದರು. ಒಂದು ಕಡೆ ನಿಂತರು. ಅಲ್ಲಿ ಅಂಚು ಕಚ್ಚಿದಂತೆ ಇತ್ತು.

"ಈಶಾನ್ಯಕ್ಕ ಮೋಕ್ಷ, ಗ್ರಹಣ ಬಿಡೋದು ಅಲ್ಲೇ. ಬಲಕ್ಕಿರಬೇಕಾಗಿತ್ತಲ್ಲ" ಎಂದರು. "ಇದು ಎಡಕ್ಕದ."

"ಸೂರ್ಯನಿಗೆ ಬೆನ್ನ ಮಾಡಿ ನೋಡಾಕತ್ತೇವಲ್ರಿ ಗುರುಗಳ, ಎಡಾ ಬಲಾ ಅದಲಬದಲ" ಎಂದು ಮಾಸ್ತರು ಕಂಬಳಿಯ ಹೊರಗಿನಿಂದ ಹೇಳಿದರು.

"ಹಂಗಾರ ಸರಿ ಅದ" ಎಂದರು ಅಪ್ಪ. ಬೆರಳಿನಿಂದ ಆ ಕಚ್ಚನ್ನು ಮುಟ್ಟಿದರು. ಬಿಂಬದ ಕೆಂಪು ಅವರ ಉಗುರಿನ ಮೇಲೆ ಬಿತ್ತು. ಅವರ ಒದ್ದೆ ಮೈಗೆ ಸೆರಗು ಹೊದಿಸಿದೆ. ನನಗೆ ಅಳು ತಡೆಯಲಾಗಲಿಲ್ಲ. ಬಿಂಬದ ಕೆಳಗಿನ ಅಂಚು ನೆಲಕ್ಕೆ ತಾಗಿ ಸವೆಯಿತು, ಅರ್ಧವಾಯಿತು. ಕಚ್ಚು ಸಣ್ಣದಾಯಿತೇ ಹೊರತು ಹೋಗಲಿಲ್ಲ. ರಟ್ಟು ಬರಿದಾಗುವವರೆಗೂ ಅಪ್ಪ ಬೆರಳು ತೆಗೆಯಲಿಲ್ಲ.

ಹೊರಗೆ ಬಂದಾಗ ಓಣಿಯವರು ಸುತ್ತಲೂ ನಿಂತಿದ್ದರು.

"ಬಿಡಲಿಲ್ರಿ. ಹಂಗೇ ಮುಳುಗಿದ" ಎಂದರು ಅಪ್ಪ. "ಹುಡುಗರಿಗೆ, ವಯಸ್ಸಾದವರಿಗೆ, ಬಸಿರಿದ್ದವರಿಗೆ ದೋಷ ಇಲ್ಲ, ಉಣಿಸ್ರಿ. ಉಳದವರು ನಾಳೆ ಸೂರ್ಯನ್ನ ನೋಡಿ ಉಣ್ಣಬೇಕು. ನನ್ನ ಲೆಕ್ಕ ತಪ್ಪಿತ್ತು."

ತಪ್ಪಿತ್ತು ಎಂದು ಹೇಳುವಾಗ ಅವರ ಮುಖದ ಮೇಲೆ ನಾನು ಹಿಂದೆಂದೂ ಕಾಣದ ಸಂತೋಷವಿತ್ತು.

ಮನೆಗೆ ಬಂದ ಮೇಲೆ ನಾನು ಅವಲಕ್ಕಿ ಕಲಸಿ ಮುಂದಿಟ್ಟು, ವಯಸ್ಸಾದವರಿಗೆ ದೋಷವಿಲ್ಲ ಎಂದು ಅವರ ಮಾತನ್ನೇ ಅವರಿಗೆ ಒಪ್ಪಿಸಿದೆ. "ಲೆಕ್ಕ ತಪ್ಪಿದವ ನಾನು, ಉಪವಾಸಾನೂ ನಂದೇ" ಎಂದು ತಟ್ಟೆ ಸರಿಸಿ, "ನಾಳೆ ಮುಂಜಾನೆ ಆಕಾಶ ಹ್ಯಾಂಗಿರ್ತದ, ಅದನ್ನ ಹೇಳು ನೀ" ಎಂದರು. ಅವರು ನನ್ನನ್ನು ಆಕಾಶದ ಬಗ್ಗೆ ಕೇಳಿದ್ದು ಅದೇ ಮೊದಲು. ಅಂಗಳಕ್ಕೆ ಹೋಗಿ ಒಂದು ಸುತ್ತು ತಿರುಗಿ, ಗಾಳಿ ನೋಡಿ, ಏಳರ ಮೇಲೆ ಒಂದು ಗಳಿಗೆ ಕಾಣುತ್ತಾನೆ ಎಂದು ಹೇಳಿದೆ.

ಮುಂಜಾನೆ ಘಟ್ಟದ ಮೆಟ್ಟಿಲ ತುಂಬ ಜನ. ಮೂಡಣದಲ್ಲಿ ಮೋಡವೇ. ಹಸಿದವರು ನನ್ನ ಕಡೆ ಒಮ್ಮೆ, ಆಕಾಶದ ಕಡೆ ಒಮ್ಮೆ ನೋಡುತ್ತಿದ್ದರು. ಏಳು ಹೊಡೆದು ಸ್ವಲ್ಪ ಹೊತ್ತಿಗೆ ಮೋಡ ಹಳೆ ಧೋತರದ ಹಾಗೆ ತೆಳ್ಳಗಾಗಿ, ಅದರ ಹಿಂದೆ ಸೂರ್ಯ ಬೆಳ್ಳಗೆ, ದುಂಡಗೆ ಕಂಡ. ಮೆಟ್ಟಿಲ ಮೇಲಿದ್ದವರೆಲ್ಲ ಕೈ ಮುಗಿದರು. ಅಪ್ಪನೂ ಮುಖವೆತ್ತಿ ಕೈ ಮುಗಿದಿದ್ದರು. ಆದರೆ ಅವರ ಮುಖ ಸೂರ್ಯನಿದ್ದ ಕಡೆಗಿರಲಿಲ್ಲ. ಅದಕ್ಕಿಂತ ಬಹಳ ಈಚೆಗೆ, ಬರಿಯ ಮೋಡದ ಕಡೆಗಿತ್ತು.

ನಾನು ಅವರನ್ನು ಮೆಲ್ಲಗೆ ತಿರುಗಿಸಲು ಹೋದೆ. ಅವರು ನನ್ನ ಕೈಯನ್ನು ಹಿಡಿದು ನಿಲ್ಲಿಸಿದರು.

"ಬಂದಾನೇನು?"

"ಬಂದಾನ್ರಿ ಅಪ್ಪಾ. ಪೂರ್ತಿ ಇದ್ದಾನ. ಎಲ್ಲೂ ಕಚ್ಚಿಲ್ಲ."

"ಕಣ್ಣಿಲೆ ಕಂಡದ್ದು ಒಂದು ಪ್ರಮಾಣ, ನಂಬಿಕಿದ್ದವರು ಹೇಳಿದ್ದು ಇನ್ನೊಂದು ಪ್ರಮಾಣ" ಎಂದರು ಅಪ್ಪ. "ಮೊದಲನೇದು ನಿನ್ನೆ ಆತು. ಇನ್ನ ಮ್ಯಾಲೆ ನನಗ ಎರಡನೇದು ಸಾಕು. ನಡಿ, ಹಸಿವಿ ಆಗೇದ."